ತುಂಬು ಮೈಯೋ, ಹೆಗಲು ಕಡಿದದ್ದೋ

ಅಬುನೊ, ಮ್ಯಾಕ್ಟನ್ ದ್ವೀಪ
ಸೋಮವಾರ, 14 ಸೆಪ್ಟೆಂಬರ್ 1987

ಪ್ರೀತಿಯ ಕ್ರಿಸಾಂತೊ,

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಹಡಗಿನ ಊಟ ಹೊಟ್ಟೆಗೆ ಹಿಡಿಯುತ್ತಿದೆಯಾ? ಹೋದ ಸಲ ಇಷ್ಟೆಲ್ಲ ಕೇಳಿದ್ದಕ್ಕೆ ನೀನು ‘ಎಲ್ಲ ಚೆನ್ನಾಗಿದೆ’ ಅಂತ ಒಂದೇ ಸಾಲು ಗೀಚಿ ಮುಂದಕ್ಕೆ ಹಾರಿಬಿಟ್ಟೆ. ಎಲ್ಲ ಚೆನ್ನಾಗಿದೆ ಅನ್ನುವವರ ಮೇಲೆ ನನಗೆ ಮೊದಲಿಂದಲೂ ಗುಮಾನಿ. ನಮ್ಮ ಕಡೆ ಎಲ್ಲ ಚೆನ್ನಾಗಿಲ್ಲ, ಸುಮಾರಾಗಿದೆ. ನಿನ್ನ ಅಪ್ಪನಿಗೆ ಗಿಟಾರಿನ ಮರದ ಪುಡಿಯ ಕೆಮ್ಮು ಹಾಗೇ ಇದೆ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಅಂದರೆ ‘ನಾನೇನು ಬ್ಯಾಂಕ್ ದೋಚೋಕೆ ಹೊರಟಿದ್ದೀನಾ’ ಅನ್ನುತ್ತಾರೆ. ನಿನ್ನ ಮಗಳು ಕ್ಲಾರಿತಾಳ ಮುಂದಿನ ಎರಡು ಹಲ್ಲು ಬಿದ್ದಿವೆ. ಆ ಸಂದಿಯಲ್ಲಿ ಸಿಳ್ಳೆ ಹೊಡೆಯುವುದನ್ನು ಕಲಿತು ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲದ ಹಾಗೆ ಮಾಡಿದ್ದಾಳೆ. ಸೆಪ್ಟೆಂಬರ್ ಬಂತಲ್ಲ, ಪಕ್ಕದ ಮನೆಯ ರೇಡಿಯೋದಲ್ಲಿ ಆಗಲೇ ಕ್ರಿಸ್ಮಸ್ ಹಾಡು ಶುರುವಾಗಿದೆ. ನನ್ನ ಬಗ್ಗೆ ಹೇಳಬೇಕೆಂದರೆ, ಆರೋಗ್ಯ ಸರಿಯಿದೆ, ಸಿಟ್ಟು ಮಾತ್ರ ಬಂದಿದೆ. ಯಾಕೆ ಅಂತ ಹೇಳುತ್ತೇನೆ, ಒಂದೇ ಉಸಿರಿಗೆ ಓದಬೇಡ, ಎಲ್ಲಾದರೂ ಕೂತು ಓದು.

ಕಳೆದ ಒಂದು ತಿಂಗಳಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಅಪ್ಪನ ಜೊತೆ ನಾಲ್ಕು ವರ್ಷ ಜಗಳವಾಡಿ, ಹೆಗಲು ಕಡಿದ ಗಿಟಾರೇ ಬೇಕು ಅಂತ ಹಟ ಹಿಡಿದಿದ್ದ ನೀನು, ಇದ್ದಕ್ಕಿದ್ದ ಹಾಗೆ ‘ತುಂಬು ಮೈಯದ್ದೇ ಸಾಕು’ ಅಂತ ಯಾಕೆ ಬರೆದೆ? ಅದೇ ಕಾಗದದಲ್ಲಿ, ಅಕ್ಟೋಬರಿಗೆ ಮನೆಗೆ ಬರಬೇಕಾದವನು ಇನ್ನೂ ಒಂಬತ್ತು ತಿಂಗಳು ಹಡಗಿನಲ್ಲೇ ಇರುತ್ತೇನೆ, ಗಿಟಾರನ್ನು ಯಾರ ಕೈಯಲ್ಲಾದರೂ ಕಳಿಸಿ ಅಂದೆಯಲ್ಲ, ಅದು ಯಾಕೆ? ಎರಡೂ ಬೇರೆ ಬೇರೆ ವಿಷಯ ಅಂತ ನೀನು ಅಂದುಕೊಂಡಿರಬಹುದು. ನನ್ನ ಮೂಗು ನಿನಗೆ ಗೊತ್ತಿದೆ. ಎಲ್ಲಿ ತೂರಿಸಬಾರದು ಅನ್ನುತ್ತಾರೋ ಅಲ್ಲೇ ಮೊದಲು ಹೋಗುತ್ತದೆ.

ನಿನ್ನ ಜೊತೆಗಾರ ಆರ್ಕಾಡ್ಯೊ ಹಡಗಿನಿಂದ ಇಳಿದು ಬಂದು ನಿನ್ನ ಕಾಗದ ಕೊಟ್ಟದ್ದು ಆಗಸ್ಟ್ ಹತ್ತನೇ ತಾರೀಕು. ಸೋಪಿನ ಪೊಟ್ಟಣ, ಚಾಕಲೇಟು, ಕಾಗದ ಎಲ್ಲ ಮೇಜಿನ ಮೇಲಿಟ್ಟ, ಕ್ಲಾರಿತಾಳ ತಲೆ ಸವರಿದ, ಕಾಲಿಗೆ ಬುದ್ಧಿ ಹೇಳಿದ. ಕಾಫಿ ಕೂಡ ಕುಡಿಯಲಿಲ್ಲ. ಆರ್ಕಾಡ್ಯೊ ಕಾಫಿ ಬೇಡ ಅನ್ನುವುದೆಂದರೆ! ಆವತ್ತು ಮೂರು ಗಂಟೆಗೆ ಕೆಲಸ ನಿಲ್ಲಿಸಿ ಬೇಯಿಸಿದ ಬಾಳೆಕಾಯಿ ತಿನ್ನುತ್ತಾ ಕೂತಾಗ, ಎಂದಿನಂತೆ ನಾನು ಕಾಗದವನ್ನು ಗಟ್ಟಿಯಾಗಿ ಓದಿದೆ. ತುಂಬು ಮೈಯದ್ದೇ ಇರಲಿ ಅನ್ನುವ ಸಾಲು ಬಂದ ಕೂಡಲೇ ಮಾವ ಬಾಳೆಕಾಯಿ ಕೆಳಗಿಟ್ಟರು. ‘ಇನ್ನೊಂದ್ಸಲ ಓದು’ ಅಂದರು. ಓದಿದೆ. ಮುಂದಿನದನ್ನೂ ಓದಿದೆ: ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಎಲುಬಿನ ತುಂಡನ್ನು ಅಂಟಿಸಬೇಡಿ, ಸುಮ್ಮನೆ ಕೂರಿಸಿ ಕಳಿಸಿ, ನಾನೇ ಅಂಟಿಸಿಕೊಳ್ಳುತ್ತೇನೆ, ಕುತ್ತಿಗೆಯ ಅಂಚಿನಲ್ಲಿ ಗುರುತಿಗೆ ನನ್ನ ಲಿಯೊನಿಲಾ ಕೂರಿಸುವ ಚಿಪ್ಪಿನ ಚುಕ್ಕೆಗಳೂ ಬೇಡ, ಅವಿಲ್ಲದೆಯೂ ಕೈಗೆ ರೂಢಿಯಿದೆ. ಮಾವ ಮತ್ತೊಂದು ಸಲ ಓದಿಸಿದರು. ಆಮೇಲೆ ಎದ್ದು ನೇರ ಬೀದಿಗೆ ಹೋದರು.

ಹೋಗಿ ಏನು ಮಾಡಿದರು ಅಂತೀಯ? ಎದುರು ಮನೆ ಇಸ್ಕೊನ ಗಿಟಾರ್ ಕಾರ್ಖಾನೆಯ ಬಾಗಿಲಲ್ಲಿ ನಿಂತು, ಒಳಗಿನವರಿಗೆಲ್ಲ ಕೇಳುವ ಹಾಗೆ, ‘ನನ್ನ ಮಗನಿಗೆ ಉಪ್ಪು ಗಾಳಿ ಕುಡಿದು ಬುದ್ಧಿ ಬಂತು ಕಣ್ರೋ! ಇಲಿ ಕಚ್ಚಿದ ಬಿಬಿಂಕಾ ಕೇಕು ಬೇಡವಂತೆ, ಇಡೀದೇ ಬೇಕಂತೆ!’ ಅಂದರು. ಹೆಗಲು ಕಡಿದ ಗಿಟಾರಿಗೆ ಅವರಿಟ್ಟ ಹೆಸರು ನಿನಗೆ ಗೊತ್ತೇ ಇದೆ. ಇಸ್ಕೊ ಸುಮ್ಮನಿರುತ್ತಾನಾ? ‘ಒಂದು ತುಂಡು ಕಡಿಮೆಯಾದ್ರೂ ನನ್ನ ಬಿಬಿಂಕಾ ಖರ್ಚಾಗುತ್ತೆ ನೊಂಗ್ ತೆರ್ಯೊ, ಅಣ್ಣಾ, ನಿಮ್ದು ಇಡೀದಾಗೇ ಹಳಸುತ್ತೆ’ ಅಂದ. ಎರಡು ದಿನ ಹೀಗೇ ನಡೆಯಿತು. ಸಂಜೆ ಕಳ್ಳಿನ ಗಡಂಗಿನಲ್ಲೂ ಗೆದ್ದ ಸುದ್ದಿಯೇ ಸುದ್ದಿ. ನಾನು ಮಾತ್ರ ಕೈಯಲ್ಲಿ ಉಪ್ಪುಕಾಗದ ಹಿಡಿದು ಕೂತೇ ಇದ್ದೆ. ನನ್ನ ಗಂಡ ಸೋಲುವವನಲ್ಲವಲ್ಲ, ಯಾಕೆ ಸೋತ?

ಆ ಜಗಳ ನನಗೆ ಬಾಯಿಪಾಠ. ಬಿರುಗಾಳಿಗೆ ಹಿತ್ತಲಿನ ಹಲಸು ಬಿದ್ದ ವರ್ಷ ಶುರುವಾದದ್ದು. ಹಲಗೆ ಕೊಯ್ಯಿಸಿ ಅಡುಗೆಮನೆಯ ಅಟ್ಟದ ಮೇಲೆ ಒಣಗಲು ಇಟ್ಟರು. ಗೆದ್ದಲು ತಿಂದದ್ದು ಹೋಗಿ ಉಳಿದದ್ದು ಒಂದೇ ಗಿಟಾರಿಗೆ ಸಾಲುವಷ್ಟು. ಅದು ನಿನ್ನದು ಅನ್ನುವುದರಲ್ಲಿ ತಕರಾರು ಇರಲಿಲ್ಲ, ಯಾವ ಆಕಾರ ಅನ್ನುವುದರಲ್ಲಿ ಇತ್ತು. ಕುತ್ತಿಗೆಯ ಪಕ್ಕದ ಕೆಳಗಿನ ಹೆಗಲನ್ನು ಕಡಿದರೆ ಎಡಗೈ ತಂತಿಯ ಕೊನೆಯ ಮನೆಯವರೆಗೂ ಜಾರಿ ಹೋಗುತ್ತೆ, ಅಲ್ಲಿರೋ ಸಣ್ಣ ದನಿಗಳನ್ನ ಮುಟ್ಟದೆ ಹಾಡಿನ ಎಳೆ ನುಡಿಸೋದು ಹ್ಯಾಗೆ ಅಂತ ನೀನು. ಹೊಟ್ಟೆ ತುಂಬಿದ್ದರೇ ದನಿ ತುಂಬೋದು, ಹಾಡುವವರ ಹಿಂದೆ ನಿಲ್ಲೋಕೆ ಗಿಟಾರ್ ಇರೋದು, ಮುಂದೆ ಕುಣಿಯೋಕಲ್ಲ ಅಂತ ಅವರು. ಹಡಗು ಹತ್ತುವ ದಿನ ಬಂದರು ಕಟ್ಟೆಯ ಮೇಲೆ ಕೂಡ, ನಾನು ಅಳುತ್ತಾ ನಿಂತಿದ್ದರೆ ನೀವಿಬ್ಬರೂ ಗಾಳಿಯಲ್ಲಿ ಬೆರಳಿಂದ ಗಿಟಾರಿನ ಚಿತ್ರ ಬರೆಯುತ್ತಾ ಕಚ್ಚಾಡಿದಿರಿ. ನನ್ನನ್ನು ತಬ್ಬಿಕೊಂಡು ನೀನು ಕೊನೆಗೆ ಹೇಳಿದ ಮಾತು ‘ಚೆನ್ನಾಗಿರು’ ಅಂತ ಕೂಡ ಅಲ್ಲ, ‘ಹಲಸಿನ ಹಲಗೆ ಮುಟ್ಟೋಕೆ ಬಿಡಬೇಡ’ ಅಂತ. ನಾನು ಅದನ್ನೂ ಹೊಟ್ಟೆಗೆ ಹಾಕಿಕೊಂಡೆ.

ಅಂಥವನು ಒಂದು ಸಾಲಿನಲ್ಲಿ ಬಿಟ್ಟುಕೊಟ್ಟರೆ ನಾನು ಏನಂದುಕೊಳ್ಳಬೇಕು? ಏನೇನೋ ಅಂದುಕೊಂಡೆ. ಗಿಟಾರನ್ನು ಮಾರುತ್ತಾನೇನೋ. ಯಾರಿಗೋ ಕೊಡುತ್ತಾನೇನೋ. ಯಾವುದೋ ಬಂದರಿನಲ್ಲಿ ಯಾವಳೋ ಒಬ್ಬಳಿದ್ದಾಳೆ, ಅದಕ್ಕೇ ಇನ್ನೂ ಒಂಬತ್ತು ತಿಂಗಳು ಅಂತ ಕೂಡ. ನಗಬೇಡ, ಮೂರು ದಿನ ಆ ಯೋಚನೆಯನ್ನು ಸಾಕಿಕೊಂಡಿದ್ದೆ. ಮನಸ್ಸಿನಲ್ಲೇ ಆ ಹೆಂಗಸಿಗೆ ಜುಟ್ಟು ಹಿಡಿದು ಎರಡು ಕೊಟ್ಟೂ ಆಗಿತ್ತು. ನೀನು ಕಾಗದದ ಜೊತೆ ಕಳಿಸಿದ ಫೋಟೋ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೀನು, ನಿನ್ನ ಪಕ್ಕ ಬಿಳಿ ಟೋಪಿಯ ಅಡುಗೆಯವನು. ನಿನ್ನ ಎಡಗೈ ಅವನ ಬೆನ್ನ ಹಿಂದೆ. ಮುಂಚಿನ ಫೋಟೋಗಳಲ್ಲೆಲ್ಲ ನೀನು ಹಗ್ಗ ಎಳೆಯುವವರ ಗುಂಪಿನಲ್ಲಿ ಇರುತ್ತಿದ್ದೆ, ಈಗ ಅಡುಗೆಯವನ ಜೊತೆ ಯಾಕೆ? ಊಟದ ಆಸೆ ಜಾಸ್ತಿಯಾಗಿರಬೇಕು ಅಂದುಕೊಂಡು ಫೋಟೋ ಒಳಗಿಟ್ಟೆ. ಕಣ್ಣೆದುರಿಗೇ ಇತ್ತು, ನಾನು ದಡ್ಡಿ.

ಇತ್ತ ಮಾವನ ಗೆಲುವಿನ ಮೆರವಣಿಗೆ ಮೂರನೆಯ ದಿನಕ್ಕೇ ತಣ್ಣಗಾಯಿತು. ಮುಖ ಗಂಟು ಹಾಕಿಕೊಂಡು ಓಡಾಡತೊಡಗಿದರು. ಮಧ್ಯಾಹ್ನ ಊಟವಾದ ಮೇಲೆ ಕಾರ್ಖಾನೆಯ ಬಾಗಿಲು ಹಾಕಿಕೊಂಡು ಒಳಗೆ ಒಬ್ಬರೇ. ಒಣಮೀನು ಹುರಿದಿದ್ದೇನೆ ಬನ್ನಿ ಅಂದರೂ ಬರುತ್ತಿರಲಿಲ್ಲ. ಒಂದು ದಿನ ಅವರು ಭಾನುವಾರದ ಪೂಜೆಗೆ ಹೋದಾಗ ನಾನು ತಲೆನೋವಿನ ನೆಪ ಹೇಳಿ ಉಳಿದುಕೊಂಡೆ, ದೇವರು ಕ್ಷಮಿಸಲಿ. ಒಳಗೆ ಹೋಗಿ ಬೆಂಚಿನ ಕೆಳಗೆ ಗೋಣಿ ಎತ್ತಿ ನೋಡಿದರೆ, ಮುರಿದ ಹಲಸಿನ ಪಟ್ಟಿಗಳು, ಐದಾರು. ನಿನ್ನ ಹಲಗೆಯವಲ್ಲ, ಬೇರೆ ಹಲಸು, ಅಭ್ಯಾಸಕ್ಕೆ ತಂದದ್ದು. ಎಲ್ಲ ಪಟ್ಟಿಗಳೂ ಒಂದೇ ಜಾಗದಲ್ಲಿ ಮುರಿದಿದ್ದವು: ಹೆಗಲು ಕಡಿದ ಗಿಟಾರಿನ ಪಕ್ಕ ಒಳಕ್ಕೆ ತಿರುಗುತ್ತದಲ್ಲ, ಆ ಬಿಗಿಯಾದ ತಿರುವಿನಲ್ಲಿ.

ಅವರು ಮನೆಗೆ ಬಂದ ಮೇಲೆ ಕೇಳಿಯೇಬಿಟ್ಟೆ. ‘ಇದೇನು ತಾತಾಯ್?’ ಅಂದೆ. ಮಗಳ ಹತ್ತಿರ ಸಿಕ್ಕಿಬಿದ್ದ ಅಪ್ಪನ ಮುಖ ಮಾಡಿದರು. ‘ಹಲಸಿಗೆ ಹಟ ಜಾಸ್ತಿ, ಇಂದಾಯ್, ಮಗಳೇ. ಬಗ್ಗುತ್ತೋ ಇಲ್ವೋ ಅಂತ ನೋಡ್ತಿದ್ದೆ, ಅಷ್ಟೇ.’ ‘ನಲವತ್ತು ವರ್ಷದಿಂದ ಇಲಿ ಕಚ್ಚಿದ್ದು ಅಂತ ಬೈದವರು ಈಗ ನೋಡೋದೇನು?’ ‘ನೋಡಬಾರದು ಅಂತ ಕಾನೂನಿದ್ಯಾ?’ ಅಂತ ಎದ್ದು ಹೋದರು. ಹೋಗುವಾಗ ಬಾಗಿಲ ಹತ್ತಿರ ನಿಂತು, ‘ಇಸ್ಕೊ ಮಹಾಗನಿ ಬಗ್ಗಿಸ್ತಾನೆ, ಅದನ್ನ ನಾನೂ ಬಗ್ಗಿಸ್ತೀನಿ. ಹಲಸು ನನ್ನ ಕೈಲಿ ಯಾವತ್ತೂ ಬಗ್ಗಿಲ್ಲ’ ಅಂದರು. ಕ್ರಿಸಾಂತೊ, ನಿಮ್ಮ ನಾಲ್ಕು ವರ್ಷದ ಜಗಳದ ಬೇರು ಅಲ್ಲಿತ್ತು. ದನಿಯೂ ಅಲ್ಲ, ಹೊಟ್ಟೆಯೂ ಅಲ್ಲ. ಬಗ್ಗಿಸುವಾಗ ಬಿಸಿ ಕೊಳವೆಯ ಮೇಲೆ ಹಲಸಿನ ಪಟ್ಟಿ ಮುರಿದುಹೋದೀತು, ಮಗನ ಮುಂದೆ ಮರ್ಯಾದೆ ಹೋದೀತು ಅನ್ನುವ ಭಯ. ಇದನ್ನು ನಾನು ಬರೆದೆ ಅಂತ ಅವರಿಗೆ ಹೇಳಿದೆಯೋ, ನೋಡು ಮತ್ತೆ. ಆವತ್ತು ನನಗೆ ಅನ್ನಿಸಿದ್ದು, ಮಗ ಸೋತದ್ದು ನೋಡಿ ಅಪ್ಪನಿಗೆ ಕರುಳು ಚುರುಕ್ಕೆಂದಿದೆ, ಅವನು ಕೇಳಿದ್ದನ್ನೇ ಮಾಡಿಕೊಡಲು ಒದ್ದಾಡುತ್ತಿದ್ದಾರೆ ಅಂತ. ಒಬ್ಬರು ಬಿಟ್ಟುಕೊಟ್ಟ ಮೇಲೆ ಇನ್ನೊಬ್ಬರು ಬಿಟ್ಟುಕೊಡುವುದು, ಎಂಥ ಗಂಡಸರು ಮಾರಾಯ ಅಂತ ನಕ್ಕೆ.

ಆ ನಗು ಹೋದ ಗುರುವಾರದವರೆಗೆ ಇತ್ತು. ಗುರುವಾರ ಬೆಳಿಗ್ಗೆ ಮಾಂಡವೆಯ ಕಾನ್ವೆಂಟಿನಿಂದ ಸಿಸ್ಟರ್ ಹರ್ಮೆಲಿನಾ ಬಂದರು. ನೀನು ನೋಡಿಲ್ಲ ಅವರನ್ನು. ಗುಂಡಗೆ, ಕೆಂಪಗೆ, ಸೇತುವೆ ದಾಟಿ ಜೀಪ್ನಿಯಿಂದ ಇಳಿಯುವಾಗಲೇ ನಗುತ್ತಾ ಇಳಿಯುವ ಹೆಂಗಸು. ಮಕ್ಕಳ ಹಾಡಿನ ತಂಡಕ್ಕೆ ಗಿಟಾರ್ ಬೇಕಂತೆ. ನಮ್ಮ ಅಂಗಡಿಯಲ್ಲಿ ಬಾಗಿಲ ಹಿಂದೆ ಇಸ್ಕೊ ಮಾಡಿದ ಹೆಗಲು ಕಡಿದದ್ದು ಒಂದು ನೇತಾಡುತ್ತದಲ್ಲ, ‘ಕಟ್‌ಅವೇ’ ಅಂತ ಕೇಳಿಕೊಂಡು ಬರುವ ಪ್ರವಾಸಿಗರಿಗೆ ಇಟ್ಟದ್ದು, ನಾನು ಅದನ್ನೂ ತೆಗೆದು ಮುಂದಿಟ್ಟೆ. ಪಕ್ಕದಲ್ಲಿ ಮಾವನ ತುಂಬು ಮೈಯದ್ದು. ಸಿಸ್ಟರ್ ಕಡಿದದ್ದನ್ನು ಎತ್ತಿ, ಕುತ್ತಿಗೆಯನ್ನು ಬಲಕ್ಕೆ ಮಾಡಿ ಮಡಿಲಲ್ಲಿ ಇಟ್ಟುಕೊಂಡರು. ಎಡಚರು ಅಂತ ಆಗ ಗೊತ್ತಾಯಿತು. ‘ಅಯ್ಯೋ, ಇದು ನನಗ್ಯಾಕಮ್ಮಾ? ನಾನು ತಿರುಗಿಸಿ ಹಿಡಿದ್ರೆ ಆ ಕಡಿತ ಮೇಲಕ್ಕೆ ಬಂತು ನೋಡು, ಗದ್ದದ ಕೆಳಗೆ! ಪ್ರಾರ್ಥನೆ ಮಧ್ಯೆ ನಿದ್ದೆ ಬಂದ್ರೆ ತಲೆ ಇಟ್ಟುಕೊಳ್ಳೋಕೆ ಆಗುತ್ತೆ ಅಷ್ಟೇ’ ಅಂದರು. ಮಾವ ನಕ್ಕು ತುಂಬು ಮೈಯದ್ದನ್ನು ಅವರ ಕೈಗೆ ಕೊಟ್ಟರು. ‘ಕಡಿದದ್ದು ಒಂದೇ ಕೈಯವರಿಗೆ, ಸಿಸ್ಟರ್. ಇದು ಎರಡೂ ಕಡೆ ಒಂದೇ ಥರ, ಯಾವ ಕೈಗೂ ಬೇಡ ಅನ್ನಲ್ಲ. ತಂತಿ ಅದಲು ಬದಲು ಮಾಡಿದ್ರೆ ಮುಗೀತು. ಒಂದರ್ಧ ಗಂಟೆ ಕೂತ್ಕೊಳ್ಳಿ.’

ಆ ಅರ್ಧ ಗಂಟೆಯಲ್ಲಿ ಅವರು ಏನು ಮಾಡಿದರು ಅಂತ ನಾನು ನಿನಗೆ ಹೇಳಬೇಕಿಲ್ಲ, ನೀನು ಹುಟ್ಟಿನಿಂದ ನೋಡಿದವನು. ಆದರೂ ಹೇಳುತ್ತೇನೆ. ತಂತಿ ಸಡಿಲಿಸಿದರು. ಕುತ್ತಿಗೆಯ ತುದಿಯ ಎಲುಬಿನ ತುಂಡನ್ನು ಅಂಟಿನಿಂದ ಕಿತ್ತರು, ಯಾಕೆಂದರೆ ದಪ್ಪ ತಂತಿಯ ಗೀರಿನಲ್ಲಿ ತೆಳು ತಂತಿ ಕೂರುವುದಿಲ್ಲ. ಹೊಸದೊಂದನ್ನು ಉಲ್ಟಾ ಗೀರಿ ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಅಂಚಿನ ಚುಕ್ಕೆ ಈಗ ಅವರ ಕಣ್ಣಿಗೆ ಬೀಳಲ್ಲ ಇಂದಾಯ್, ಇನ್ನೊಂದು ಅಂಚಿಗೆ ಬೇರೆ ಕೂರಿಸು’ ಅಂದರು. ನಾನು ಚಿಮುಟದಲ್ಲಿ ಚಿಪ್ಪಿನ ಚುಕ್ಕೆ ಹಿಡಿದು ಬಗ್ಗಿದೆ. ಹಾಗೇ ನಿಂತುಬಿಟ್ಟೆ. ಹೆಗಲು ಕಡಿಯಬಾರದು. ಎಲುಬು ಅಂಟಿಸಬಾರದು. ಅಂಚಿಗೆ ಚುಕ್ಕೆ ಬೇಡ. ನಿನ್ನ ಕಾಗದದ ಮೂರೂ ಮಾತು ನನ್ನ ಕಣ್ಣ ಮುಂದೆ ಸಿಸ್ಟರ್ ಹರ್ಮೆಲಿನಾ ಅವರ ಗಿಟಾರಿನಲ್ಲಿ ಕೂತಿದ್ದವು. ನೀನು ಕೇಳಿದ್ದು ತುಂಬು ಮೈಯ ಗಿಟಾರಲ್ಲ. ಯಾರಿಗೂ ಹೇಳದೆ ಎಡಚನಾಗಬಹುದಾದ ಗಿಟಾರು. ಹುಟ್ಟಾ ಬಲಗೈಯವನಿಗೆ ಅಂಥ ಗಿಟಾರು ಯಾಕೆ ಬೇಕಾಗುತ್ತದೆ?  ಚುಕ್ಕೆ ಎಲ್ಲಿ ಬಿತ್ತೋ ಸಿಗಲೇ ಇಲ್ಲ. ಸಿಸ್ಟರ್ ‘ಏನಮ್ಮಾ, ಮುಖ ಬಿಳಿಚಿಕೊಂಡಿದೆ, ತಿಂಡಿ ತಿಂದಿಲ್ವಾ?’ ಅಂದರು.

ಮಾವನಿಗೆ ಏನೂ ಹೇಳಲಿಲ್ಲ. ಮರುದಿನ ದಾರ ಕೊಳ್ಳಬೇಕು ಅಂತ ಸುಳ್ಳು ಹೇಳಿ ಟ್ರೈಸಿಕಲ್ ಹತ್ತಿ ಕೊರ್ದೊವಾಗೆ ಹೋದೆ, ಆರ್ಕಾಡ್ಯೊನ ಮನೆಗೆ. ದಾರಿಯುದ್ದಕ್ಕೂ ಯೋಚನೆ ಒಂದೇ: ಏನಾಯಿತು ಅಂತ ಕೇಳಿದರೆ ಏನೂ ಇಲ್ಲ ಅನ್ನುತ್ತಾನೆ, ನೀನು ಅವನ ಬಾಯಿಗೆ ಬೀಗ ಹಾಕಿಯೇ ಕಳಿಸಿರುತ್ತೀಯ. ಅವನು ಮರದ ಕೆಳಗೆ ಬಲೆ ರಿಪೇರಿ ಮಾಡುತ್ತಾ ಕೂತಿದ್ದ, ಪಕ್ಕದಲ್ಲಿ ಕಳ್ಳಿನ ಗ್ಲಾಸು. ಕ್ಷೇಮ ಸಮಾಚಾರ ಕೂಡ ಕೇಳದೆ, ‘ಎಷ್ಟು ಬೆರಳು, ನೊಂಗ್?’ ಅಂದೆ. ‘ಎರಡೇ ಇಂದಾಯ್, ಅದೂ ಪೂರ್ತಿ ಅಲ್ಲ...’ ಅಂದವನು ಹಾಗೇ ಬಾಯಿ ಮುಚ್ಚಿದ. ಆಮೇಲೆ ತಲೆ ಮೇಲೆ ಕೈ ಹೊತ್ತ. ‘ಹೋಯ್ತು! ಆಣೆ ಹೋಯ್ತು! ನಿನ್ನ ಗಂಡ ನನ್ನನ್ನ ಕೊಲ್ತಾನೆ!’ ಒಳಗಿಂದ ಅವನ ಹೆಂಡತಿ ಕೊನ್ಸಿಂಗ್, ‘ಒಂದು ತಿಂಗಳು ಹೊಟ್ಟೇಲಿಟ್ಟುಕೊಂಡು ನನ್ನ ಪ್ರಾಣ ತಿಂದಿದ್ದು ಇದೇನಾ? ಹೇಳಿ ಸಾಯಿ ಅತ್ಲಾಗಿ, ಅವಳ ಗಂಡನ ಬೆರಳು, ನಿಂದಲ್ಲ’ ಅಂತ ಕೂಗಿದಳು. ಕೂಗಿ ನನಗೆ ಒಂದು ಮಣೆ ತಂದು ಹಾಕಿದಳು.

ಹೇಳಿದ. ಮಾರ್ಚಿನಲ್ಲಿ, ಹಡಗನ್ನು ದಡಕ್ಕೆ ಕಟ್ಟುವಾಗ ಹಗ್ಗ ಎಳೆದುಕೊಂಡದ್ದು. ಎಡಗೈಯ ಉಂಗುರದ ಬೆರಳು, ಕಿರುಬೆರಳು, ಎರಡೂ ನಡುಗೆಣ್ಣಿನವರೆಗೆ. ಒಂಬತ್ತು ದಿನ ಆಸ್ಪತ್ರೆ. ಮನೆಗೆ ಕಳಿಸುತ್ತೇವೆ ಅಂದರೆ ನೀನು ಕೈಮುಗಿದು ಬೇಡ ಅಂದೆಯಂತೆ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಕೆಲಸವಾದರೂ ಕೊಡಿ ಅಂದೆಯಂತೆ. ಯಾರದೋ ಹಳೆಯ ಗಿಟಾರಿಗೆ ತಂತಿ ತಿರುಗಿಸಿ ಕಟ್ಟಿಕೊಂಡು ಬಲಗೈಯಲ್ಲಿ ಒತ್ತುವುದನ್ನು ಕಲಿಯುತ್ತಿದ್ದೀಯಂತೆ. ‘ಕೇಳೋಕಾಗಲ್ಲ ಇಂದಾಯ್. ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿಸಿದ ಹಾಗಿರುತ್ತೆ. ಅಡುಗೆಯವನು ಬಾಣಲೆ ಬಡಿದು ನಿಲ್ಲಿಸ್ತಾನೆ. ಇವನು ಮತ್ತೆ ಶುರು ಮಾಡ್ತಾನೆ’ ಅಂತ ಆರ್ಕಾಡ್ಯೊ ನಗಿಸಲು ನೋಡಿದ. ನಾನು ನಗಲಿಲ್ಲ. ಮನೆಗೆ ಯಾಕೆ ಬರಲ್ಲವಂತೆ ಅಂದೆ. ಅವನು ಬಲೆಯನ್ನೇ ನೋಡುತ್ತಾ ಹೇಳಿದ: ‘ಆ ಮನೇಲಿ ಹೊಸ ಗಿಟಾರಿಗೆಲ್ಲ ಮೊದಲ ದನಿ ಬರೋದು ನನ್ನ ಕೈಯಿಂದ ಕಣೋ, ಈ ಕೈ ಇಟ್ಟುಕೊಂಡು ಅಪ್ಪನ ಮುಂದೆ ಹೇಗೆ ನಿಲ್ಲಲಿ ಅಂದ. ಒಂಬತ್ತು ತಿಂಗಳಲ್ಲಿ ಇನ್ನೊಂದು ಕೈ ತಯಾರಾಗುತ್ತೆ, ನುಡಿಸ್ಕೊಂಡೇ ಬಾಗಿಲಿಗೆ ಬರ್ತೀನಿ ಅಂದ.’

ಈಗ ನನ್ನ ಮಾತು ಕೇಳು. ಮೊದಲು ಸಿಟ್ಟು. ಆರು ತಿಂಗಳು! ನಿನ್ನ ಕೈಗೆ ಹೊಲಿಗೆ ಹಾಕುತ್ತಿದ್ದಾಗ ನಾನಿಲ್ಲಿ ಹಾಯಾಗಿ ಅನಾನಸು ಹೆಚ್ಚುತ್ತಿದ್ದೆನೋ ಏನೋ. ನೀನು ನೋವಿನಲ್ಲಿದ್ದ ದಿನ ನಾನು ನಕ್ಕಿದ್ದೆನೇನೋ ಅಂತ ಮಾರ್ಚ್ ತಿಂಗಳ ಒಂದೊಂದು ದಿನವನ್ನೂ ನೆನೆಸಿಕೊಳ್ಳುತ್ತಿದ್ದೇನೆ. ಅದು ನೀನು ನನಗೆ ಮಾಡಿದ ಅನ್ಯಾಯ, ಅದಕ್ಕೆ ನೀನು ಬಂದ ಮೇಲೆ ಬೇರೆ ವಿಚಾರಣೆ ಇದೆ. ಸಿಟ್ಟಾದ ಮೇಲೆ ಅಳು ಬಂತು, ಕೊನ್ಸಿಂಗ್‌ಳ ಮಣೆಯ ಮೇಲೆ ಕೂತೇ ಅತ್ತೆ, ಅವಳೂ ಅತ್ತಳು, ಆರ್ಕಾಡ್ಯೊ ಬಲೆ ಬಿಟ್ಟು ಹಿತ್ತಲಿಗೆ ಓಡಿದ. ಅಳು ಮುಗಿದ ಮೇಲೆ, ನೀನು ಬೈದರೂ ಸರಿ, ಕುತೂಹಲ. ನಾನು ಹಾಗೇ ಅಲ್ಲವಾ? ಮನೆಗೆ ಬಂದು ಗಿಟಾರನ್ನು ತಿರುಗಿಸಿ ಹಿಡಿದು, ಎಡಗೈಯ ಎರಡು ಬೆರಳು ಮಡಚಿ ಮೀಟಿ ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಸಾಲುತ್ತದೆ ಕ್ರಿಸಾಂತೊ. ಮೀಟುವುದಕ್ಕೆ ಅಷ್ಟೇ ಸಾಕು. ಬಲಗೈ ಒತ್ತುವುದನ್ನು ಕಲಿಯುವುದು ಕಷ್ಟ, ಆದರೆ ಆ ಬೆಕ್ಕಿನ ದನಿಯನ್ನು ನಾನು ಕೇಳಬೇಕು. ನಿನ್ನ ಒಳ್ಳೆಯ ದನಿಯನ್ನು ಊರೆಲ್ಲ ಕೇಳಿದೆ. ಕೆಟ್ಟದ್ದನ್ನು ಅಡುಗೆಯವನು ಯಾಕೆ ಕೇಳಬೇಕು? ಅದು ನನ್ನ ಪಾಲಿನದು.

ಮಾವನಿಗೆ ನಾನಿನ್ನೂ ಹೇಳಿಲ್ಲ. ಹೇಗೆ ಹೇಳಲಿ? ಮಗ ತನ್ನ ಮಾತಿಗೆ ಒಪ್ಪಿದ ಅಂತ ಊರೆಲ್ಲ ಸಾರಿಕೊಂಡು ಬಂದ ಮನುಷ್ಯ. ನಿಮ್ಮ ಮಗ ಒಪ್ಪಿಲ್ಲ, ಬೆರಳು ಕಳೆದುಕೊಂಡು ಬೇರೆ ದಾರಿಯಿಲ್ಲದೆ ಕೇಳಿದ್ದಾನೆ ಅಂದರೆ ಆ ಮುಖ ಏನಾಗುತ್ತದೆ? ಅವರು ಒಳಗೆ ಏನು ಮಾಡುತ್ತಿದ್ದಾರೋ ಗೊತ್ತಿಲ್ಲ. ಅಟ್ಟದ ಮೇಲಿನ ಹಲಗೆ ಹೋದ ವಾರವೇ ಕೆಳಗಿಳಿದಿದೆ, ಬಾಗಿಲು ಹಾಕಿದೆ. ತುಂಬು ಮೈಯದ್ದೇ ಮಾಡುತ್ತಿದ್ದರೆ ನಿನ್ನ ಗುಟ್ಟು ಉಳಿಯುತ್ತದೆ, ನೀನು ಬರುವುದಿಲ್ಲ. ಹಟಕ್ಕೆ ಬಿದ್ದು ಬಲಗೈಯವರ ಹಾಗೆ ಹೆಗಲು ಕಡಿದುಬಿಟ್ಟರೆ ಆ ಹಲಸು ನಿನ್ನ ಪಾಲಿಗೆ ಮುಗಿಯಿತು, ಕಡಿದ ಮರವನ್ನು ವಾಪಸ್ ಹಚ್ಚುವುದಕ್ಕಾಗುವುದಿಲ್ಲ. ಎರಡೂ ಬೇಡ ಅನ್ನಬೇಕೆಂದರೆ ನಿಜ ಹೇಳಬೇಕು. ನಿನ್ನನ್ನು ಕೇಳದೆ ಹೇಳಲೋ ಬೇಡವೋ ಅಂತ ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ನೀನೇ ಬರೆ, ಬೇಗ ಬರೆ.

ಕ್ಲಾರಿತಾ ನಿನಗೆ ಅಂತ ಈ ಕಾಗದದ ಹಿಂದೆ ಹಡಗಿನ ಚಿತ್ರ ಬರೆದಿದ್ದಾಳೆ, ಮೀನುಗಳೆಲ್ಲ ಹಡಗಿಗಿಂತ ದೊಡ್ಡವು. ನಿನ್ನ ಅಪ್ಪನ ಆಶೀರ್ವಾದ ಕೇಳದೆಯೇ ಬರೆಯುತ್ತಿದ್ದೇನೆ, ಅದು ಯಾವಾಗಲೂ ಇದೆ. ಇಸ್ಕೊ ನೆನಪು ಹೇಳಿದ್ದಾನೆ. ಅಡುಗೆಯವನಿಗೆ ನನ್ನ ಕ್ಷಮೆ ಹೇಳು, ಕಿವಿಯ ಬಗ್ಗೆ. ದೇವರ ತಾಯಿ ನಿನ್ನ ಎರಡೂ ಕೈ ಹಿಡಿದು ಕಾಯಲಿ.

ನಿನ್ನವಳೇ ಆದ,
ಲಿಯೊನಿಲಾ

ಮರೆತ ಮಾತಲ್ಲ, ಈಗ ತಾನೇ ಆದದ್ದು: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಗೆ ಹೋಗುವ ಜೀಪ್ನಿ ಬಂದು ನಿಂತಿದೆ. ಲಕೋಟೆಗೆ ಅಂಟು ಬೇಕಿತ್ತು, ಬಾಗಿಲು ತಟ್ಟದೆ ಕಾರ್ಖಾನೆಗೆ ನುಗ್ಗಿದೆ. ಬೆಂಚಿನ ಮೇಲೆ ನಿನ್ನ ಹಲಸು, ಮೈ ಕೂಡಿಸಿ ಕುತ್ತಿಗೆ ಹಚ್ಚಿ ಆಗಿದೆ. ಹೆಗಲು ಕಡಿದಿದ್ದಾರೆ. ಕ್ರಿಸಾಂತೊ, ಇನ್ನೊಂದು ಹೆಗಲು! ಬಲಗೈಯವರದ್ದಲ್ಲ, ಸಿಸ್ಟರ್ ಹರ್ಮೆಲಿನಾ ಹಿಡಿಯುವಂಥದ್ದು. ‘ನಿಮಗೆ ಯಾರು ಹೇಳಿದ್ರು?’ ಅಂದೆ. ‘ಎಲುಬು ಅಂಟಿಸಬೇಡಿ ಅಂತ ನೀನೇ ಓದಿದೆಯಲ್ಲ’ ಅಂದರು. ಮೊದಲ ದಿನವೇ ಗೊತ್ತಾಗಿತ್ತಂತೆ. ‘ಮತ್ತೆ ಗೆದ್ದೆ ಗೆದ್ದೆ ಅಂತ ಬೀದೀಲಿ ಕೂಗಿದ್ದು?’ ‘ನಿನಗೆ ಗೊತ್ತಾಗಬಾರದು ಅಂತ.’ ಏಳನೆಯ ಪಟ್ಟಿ ಬಗ್ಗಿತಂತೆ. ಎಲುಬನ್ನು ಅಂಟಿಸಿಬಿಟ್ಟಿದ್ದಾರೆ, ಉಲ್ಟಾ ಗೀರು ಹಾಕಿ. ‘ಇದು ಈ ದ್ವೀಪದಲ್ಲಿ ಇನ್ಯಾರ ಕೈಗೂ ಆಗಲ್ಲ. ಹಡಗಿಗೂ ಕಳಿಸಲ್ಲ. ಹೊಸ ಕರಾರಿಗೆ ಸಹಿ ಹಾಕಬೇಡ ಅಂತ ಬರಿ. ಕಲಿಯೋದಿದ್ರೆ ಇಲ್ಲಿ ಬಂದು ಕಲೀಲಿ’ ಅಂದರು. ನಾನು ಬಾಗಿಲು ದಾಟುವಾಗ, ಬೆನ್ನು ತಿರುಗಿಸಿಕೊಂಡೇ, ‘ನೋವು ಇನ್ನೂ ಇದೆಯಾ ಅಂತ ಕೇಳು’ ಅಂದರು. ಅದಕ್ಕೆ ಉತ್ತರ ಕಾಗದದಲ್ಲಿ ಬರೆಯಬೇಡ. ಬಂದು ಅವರಿಗೇ ಹೇಳು.